ನಾಲ್ಕನೆಯ ಹೂಂ

ಒಪ್ಪಂದಕ್ಕೆ ಆ ಸಾಲನ್ನು ಸೇರಿಸಿದವಳು ಡ್ರಮ್ಮಿನವಳೇ. ಬೇರೆ ಯಾರ ತಲೆಗೂ ಅದು ಹೊಳೆದಿರಲಿಲ್ಲ. ರೆಕಾರ್ಡ್ ಕಂಪನಿಯ ಧಣಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ನಾಲ್ಕು ಜನಾನೂ ಹೂಂ ಅಂದ್ಮೇಲೇ ಆಲ್ಬಮ್ ಹೊರಗೆ ಹೋಗ್ಬೇಕು. ಒಬ್ಬರು ಊಹೂಂ ಅಂದ್ರೂ ಇಲ್ಲ. ನಮ್ಮಲ್ಲಿ ದೊಡ್ಡೋರು ಚಿಕ್ಕೋರು ಅಂತ ಇಲ್ಲ."

"ಬರ್ಕೊಳ್ರೀ," ಎಂದ ಧಣಿ ಪಕ್ಕದ ವಕೀಲನಿಗೆ. "ಇಷ್ಟು ನ್ಯಾಯವಾದ ಮಾತು ಈ ಮೇಜಿನ ಮೇಲೆ ಯಾವತ್ತೂ ಬಿದ್ದಿಲ್ಲ."

ಅವನು ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೆದ್ದೆ ಎಂದುಕೊಂಡಳು. ಅವಳು ಬೆಳೆದದ್ದು ಕಾರ್ಮಿಕ ಸಂಘದ ಕೋಣೆಯಲ್ಲಿ. ಅಲ್ಲಿ ಚಾಪೆ ಯಾವ ಕಡೆಗೆ ಹಾಸಬೇಕು ಎಂಬುದಕ್ಕೂ ಎಲ್ಲರ ಕೈ ಮೇಲೇಳಬೇಕಿತ್ತು. ಒಪ್ಪಿಗೆ ಎನ್ನುವುದು ಬಡವರ ಆಸ್ತಿ ಎಂದು ನಂಬಿದ್ದಳು. ಅದನ್ನೇ ಬೇಲಿ ಮಾಡಿ ನೆಡಬಲ್ಲವರನ್ನು ಅವಳು ಕಂಡಿರಲಿಲ್ಲ.

ನಾಲ್ಕು ಬೇರೆ ಬೇರೆ ಬ್ಯಾಂಡುಗಳ ನಾಲ್ಕು ತಲೆಗಳು ಸೇರಿ ಆಗಿದ್ದ ತಂಡ ಅದು. ಹಾಡುಗಾರ ಗಂಟಲಪ್ಪ ಮೈದಾನದ ಕೊನೆಯಲ್ಲಿ ನಿಂತವನ ಎದೆಯನ್ನೂ ಅದುರಿಸುತ್ತಿದ್ದ. ಗಿಟಾರಿನ ಮಿಂಚು ಕನ್ನಡಿ ಕಂಡಲ್ಲೆಲ್ಲ ನಿಲ್ಲುತ್ತಿದ್ದ. ಬೇಸ್ ಬಾರಿಸುವ ಮೂಕಯ್ಯ ದಿನಕ್ಕೊಂದು ಮಾತಾಡಿದರೆ ಹೆಚ್ಚು. ನಾಲ್ಕನೆಯವಳು ಇವಳು. ಪತ್ರಿಕೆಗಳು ಈ ಜನ್ಮದಲ್ಲಿ ಇಂಥ ಇನ್ನೊಂದು ತಂಡ ಕಟ್ಟಲಾಗದೆಂದು ಕುಣಿದವು. ತಂಡಕ್ಕೆ ಹೆಸರು 'ಒಂದೇ ಕೊರಳು'. ಹೆಸರಿಟ್ಟವನು ಗಂಟಲಪ್ಪ, ಆ ಕೊರಳು ಯಾರದೆಂದು ಅವನಿಗೆ ಸಂಶಯವಿರಲಿಲ್ಲ.

ಅವರನ್ನು ಒಟ್ಟು ಸೇರಿಸಿದ್ದು ಒಂದು ಬೆಂಕಿ. ಅಂಗಿ ಹೊಲಿಯುವ ಕಾರ್ಖಾನೆಯ ಮೇಲಿನ ಮಹಡಿ ಹೊತ್ತಿಕೊಂಡಿತ್ತು. ಹುಡುಗಿಯರು ಸೀರೆ ಸೆರಗಿನಲ್ಲೋ ದುಪಟ್ಟಾದಲ್ಲೋ ಅಂಗಿ ಸುತ್ತಿಕೊಂಡು ಹೋಗುತ್ತಾರೆಂದು ಹೊರಗಿನಿಂದ ಬೀಗ ಹಾಕಿದ್ದರು. ಒಳಗೆ ಸಿಕ್ಕಿ ಸತ್ತವರಲ್ಲಿ ಡ್ರಮ್ಮಿನವಳ ತಂಗಿಯೂ ಒಬ್ಬಳು, ಕಾಲರ್ ಹೊಲಿಯುವವಳು. ಅದೇ ಅಂಗಳದ ಪ್ಯಾಕಿಂಗ್ ಶೆಡ್ಡಿನಲ್ಲಿದ್ದ ಅಮ್ಮ ಓಡಿಬಂದು ಕಬ್ಬಿಣದ ಬಾಗಿಲನ್ನು ಗುದ್ದಿ ಗುದ್ದಿ ಕೈ ಒಡೆದುಕೊಂಡಿದ್ದಳು. ಬೀಗದ ಕೈ ಇದ್ದ ಸೂಪರ್‌ವೈಸರ್ ಊಟಕ್ಕೆ ಹೋಗಿದ್ದ.

ಬೆಂಕಿಯ ಮೇಲೆ ನಡೆದ ಮುಷ್ಕರದ ದಿನಗಳಲ್ಲಿ ನಾಲ್ಕು ಬ್ಯಾಂಡುಗಳೂ ಒಂದೇ ಲಾರಿಯ ಮೇಲೆ ನಿಂತು ಹಾಡಿದವು. ಊರು ಕಿವಿ ನಿಮಿರಿಸಿತು. ಆಗ ಬಂದವನು ಈ ಧಣಿ. ಕಾರ್ಖಾನೆಯ ಮಾಲೀಕ ಇವನ ಖಾಸಾ ಭಾವ. ಗುಟ್ಟೇನೂ ಅಲ್ಲ, ಊರಿಗೆಲ್ಲ ಗೊತ್ತಿದ್ದ ನಂಟು.

"ಗೊತ್ತಿದ್ದೇ ಹೋಗೋಣ ಕಣೇ," ಎಂದಿದ್ದ ಗಂಟಲಪ್ಪ. "ಅವನ ದುಡ್ಡಲ್ಲೇ ಅವನ ಭಾವನ ಮಾನ ಕಳೆಯೋಣ. ವ್ಯಾಪಾರಿ ಅವನು. ಲಾಭ ಬರುತ್ತೆ ಅಂದ್ರೆ ಹೆಂಡ್ತಿ ಅಣ್ಣನ್ನೂ ಮಾರ್ತಾನೆ."

ಕಾರ್ಖಾನೆ ಹೊಸ ಬಣ್ಣ ಬಳಿದುಕೊಂಡು ಮತ್ತೆ ತೆರೆಯುವ ಮೊದಲು ಆ ಬೆಂಕಿಯ ಬಗ್ಗೆ ಕಟ್ಟಿದ ಹೊಸ ಹಾಡು ಮನೆಮನೆ ಮುಟ್ಟಬೇಕು, ಹೊಸದಾಗಿ ಕೆಲಸ ಕೇಳಿಕೊಂಡು ಬರುವ ಪ್ರತಿ ಹುಡುಗಿಯ ಕಿವಿಯಲ್ಲಿ ಆ ಬಾಗಿಲಿನ ಸದ್ದಿರಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಆ ಹಾಡಿಗೆ ಅವಳು ಡ್ರಮ್ಮಿನ ಕೋಲು ಹಿಡಿಯಲಿಲ್ಲ. ಗುಜರಿಯಿಂದ ಒಂದು ಕಬ್ಬಿಣದ ಬಾಗಿಲನ್ನು ಸ್ಟುಡಿಯೋಕ್ಕೆ ಹೊರಿಸಿ ತಂದು, ಗೋಡೆಗೆ ಒರಗಿಸಿ ಮುಷ್ಟಿಯಿಂದ ಗುದ್ದಿದಳು. ನಡುವೆ ಗಿಟಾರು, ಬೇಸು ಎಲ್ಲ ನಿಲ್ಲುತ್ತವೆ. ಗುದ್ದು ಮಾತ್ರ ಇರುತ್ತದೆ. ಅಲ್ಲಿ ಅಮ್ಮ ಮಾತಾಡಬೇಕಿತ್ತು.

ಅಮ್ಮ ಮೈಕಿನ ಮುಂದೆ ಬಂದು, ಕಿವಿಗೆ ಹಾಕಿದ ಹೆಡ್‌ಫೋನನ್ನು ಕಿತ್ತು ಪಕ್ಕಕ್ಕಿಟ್ಟಳು. ಅಂದು ಬಾಗಿಲಿನ ಈಚೆಯಿಂದ ಕೂಗಿದ್ದನ್ನೇ ಕೂಗಿದಳು. "ಕೂಸೇ, ಕೆಳಗೆ ಬಗ್ಗು. ನೆಲಕ್ಕೆ ಮೂಗಿಡು. ಹೊಗೆ ಮೇಲಿರುತ್ತೆ, ನೀನು ಕೆಳಗಿರು. ಬಂದೆ. ಬಂದೆ ಕಣೇ. ಬಂದೆ."

ಗಾಜಿನ ಆಚೆ ಸೌಂಡಿನ ಮಾವ ಕನ್ನಡಕ ತೆಗೆದು ಕೂತಿದ್ದ. ವಯಸ್ಸಾದ ಎಂಜಿನಿಯರು, ತಂಡದವರಿಗೆಲ್ಲ ಮಾವ. "ಇನ್ನೊಂದ್ಸಲ ತಗೊಳ್ಳೋಣ್ವಾ ತಾಯಿ?" ಎಂದು ಅಭ್ಯಾಸಬಲದಿಂದ ಕೇಳಿದ.

"ಎಷ್ಟು ಸಲ ಸುಡ್ತೀಯಪ್ಪಾ?" ಎಂದಳು ಅಮ್ಮ.

ಗಂಟಲಪ್ಪ ಅವಳ ಕಾಲು ಮುಟ್ಟಿದ. ಫೋಟೋ ತೆಗೆಸಿಕೊಂಡ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಡ್ರಮ್ಮಿನವಳ ಹತ್ತಿರ ಬಂದು ದನಿ ತಗ್ಗಿಸಿದ. "ತಪ್ಪು ತಿಳ್ಕೋಬೇಡ. ಅಮ್ಮ ಅಷ್ಟು ಹೇಳಿದ್ಮೇಲೆ ನಾನು ಬಾಯಿ ತೆಗೆದ್ರೆ ನನ್ನನ್ಯಾರು ಕೇಳ್ತಾರೆ?"

ಮಿಕ್ಸಿಂಗ್ ಶುರುವಾಯಿತು. ಪ್ರತಿಯೊಬ್ಬರ ದನಿಯನ್ನೂ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ಕೂಡಿಸುವ ಕೆಲಸ. ಮೇಜಿನ ತುಂಬ ಜಾರುಗುಂಡಿಗಳು. ಒಂದು ಗುಂಡಿಗೆ ಒಂದು ದನಿ. ಮೂರು ಗಂಡಸರೂ ಮಗುವಿನ ತೊಟ್ಟಿಲು ಕಾಯುವಂತೆ ತಂತಮ್ಮ ಗುಂಡಿ ಕಾಯತೊಡಗಿದರು. ಮಿಂಚು ನೀರು ಕುಡಿಯಲು ಎದ್ದರೆ ಗಂಟಲಪ್ಪನ ಬೆರಳು ಗಿಟಾರಿನ ಗುಂಡಿಯನ್ನು ಒಂದು ಎಳೆ ಕೆಳಗಿಳಿಸುತ್ತಿತ್ತು. ಗಂಟಲಪ್ಪ ಫೋನಿಗೆ ಹೋದರೆ ಮಿಂಚು ಲೆಕ್ಕ ತೀರಿಸುತ್ತಿದ್ದ. ಮೂಕಯ್ಯ ಮೂಲೆಯಲ್ಲಿ ಕೂತು ತನ್ನ ದಿನದ ಮಾತನ್ನು ಆಡುತ್ತಿದ್ದ: "ಬೇಸ್ ಕೇಳ್ತಿಲ್ಲ."

"ನಿನ್ನ ಬೇಸು ಹೊಟ್ಟೇಲಿ ಕೇಳ್ಬೇಕಪ್ಪ, ಕಿವೀಲಲ್ಲ," ಎಂದ ಮಿಂಚು.

"ನಿನ್ನ ಗಿಟಾರು ಎಲ್ಲೂ ಕೇಳದಿದ್ರೂ ನಷ್ಟ ಇಲ್ಲ," ಎಂದ ಮೂಕಯ್ಯ. ಆ ವಾರದ ಮಾತೆಲ್ಲ ಖರ್ಚಾಯಿತು.

ಒಬ್ಬ ಹೂಂ ಎಂದ ದಿನ ಇನ್ನೊಬ್ಬ ಊಹೂಂ. ಧಣಿ ಆಗಾಗ ಬಂದು ಎಲ್ಲರಿಗೂ ಚಹಾ ತರಿಸಿ, "ಅವಸರ ಏನೂ ಇಲ್ಲ, ಕಲೆ ಅಂದ್ರೆ ಹಾಗೇ," ಎಂದು ಹೋಗುತ್ತಿದ್ದ. ಹೊಸ ಹಾಡುಗಳನ್ನು ಆಲ್ಬಮ್ ಬರುವ ತನಕ ನಾಲ್ವರೂ ಬೇರೆಲ್ಲೂ ಹಾಡುವಂತಿಲ್ಲ ಎಂಬುದೂ ಒಪ್ಪಂದದಲ್ಲಿತ್ತು. ಲಾರಿಯ ಮೇಲೆ ನಿಂತಿದ್ದ ನಾಲ್ಕು ಬ್ಯಾಂಡುಗಳು ತಲೆಯಿಲ್ಲದೆ ಒಂದೊಂದಾಗಿ ಬಾಗಿಲು ಮುಚ್ಚಿದವು. ಅತ್ತ ಕಾರ್ಖಾನೆಯ ಗೋಡೆಗೆ ತಿಳಿಹಸಿರು ಬಣ್ಣ ಬಿತ್ತು. ಗೇಟಿನ ಮೇಲೆ 'ಕೆಲಸಕ್ಕೆ ಹುಡುಗಿಯರು ಬೇಕು' ಎಂಬ ಬೋರ್ಡು ಬಂತು.

ಬೋರ್ಡು ನೋಡಿದ ದಿನ ಅವಳು ಮೂವರ ಮುಂದೆಯೂ ಕೈಮುಗಿದು ಕೂತಳು. "ಏನು ಮಾಡಿದ್ರೆ ಹೂಂ ಅಂತೀರಿ? ಹೇಳಿ, ಮಾಡ್ತೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಂಗಳುಗಟ್ಟಲೆ ಯಾವುದಕ್ಕೂ ಒಂದಾಗದವರು ಆಗ ಒಂದಾದರು.

"ಅಮ್ಮನ ಮಾತು ತೆಗೀಬೇಕು," ಎಂದ ಗಂಟಲಪ್ಪ.

"ಅದಿದ್ರೆ ಅದು ಹಾಡಲ್ಲ," ಎಂದ ಮಿಂಚು. "ಸಾವಿನ ಮನೆ."

ಮೂಕಯ್ಯ ತಲೆಯಾಡಿಸಿದ.

ಅವಳು ಬಯ್ದಳು. ಬೂಟು ಎಸೆದಳು. ಮನೆಗೆ ಹೋಗಿ, ಅಂಗಿಗೆ ಗುಂಡಿಮನೆ ಹೊಲಿಯುತ್ತಾ ಕೂತಿದ್ದ ಅಮ್ಮನ ಮುಂದೆ ಏನೂ ಹೇಳದೆ ಉಂಡು ಮಲಗಿದಳು. ಬೆಳಿಗ್ಗೆ ಎದ್ದಾಗ ಅವಳ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು. ಗುದ್ದು ಉಳಿಯುತ್ತದಲ್ಲ. ಅರ್ಧ ಹಾಡಾದರೂ ಹೊರಗೆ ಬರುತ್ತದಲ್ಲ. ಸೋಲಿಗೆ ಸಮಾಧಾನದ ಬಟ್ಟೆ ತೊಡಿಸುವುದು ಅವಳಿಗೂ ಬಂದುಬಿಟ್ಟಿತ್ತು.

"ನೀನೇ ಹೇಳ್ತಿದೀಯಾ?" ಎಂದು ಸೌಂಡಿನ ಮಾವ ಎರಡು ಸಲ ಕೇಳಿದ.

"ನಾನೇ."

"ನನ್ನ ಕೈಲಾಗಲ್ಲ ತಾಯಿ. ಆ ಗುಂಡಿ ಅಗೋ ಅಲ್ಲಿದೆ."

ಅವಳೇ ಇಳಿಸಿದಳು. ತೋರುಬೆರಳಲ್ಲಿ ಒತ್ತಿ ತಳದವರೆಗೆ ಎಳೆದಳು. ಬಂದೆ, ಬಂದೆ ಎನ್ನುತ್ತಿದ್ದ ದನಿ ದೂರವಾಗಿ, ಇನ್ನೂ ದೂರವಾಗಿ, ನಿಂತಿತು. ಬಾಗಿಲಿನ ಗುದ್ದು ಯಾವುದೋ ಮದುವೆ ಮಂಟಪದ ತಾಳದ ಹಾಗೆ ಕೇಳಿಸಿತು.

ಧಣಿಯ ಕೋಣೆಗೆ ಅವಳು ಒಬ್ಬಳೇ ಹೋದಳು. ಅವನು ಹಾಡನ್ನು ಕಣ್ಣುಮುಚ್ಚಿ ಪೂರ್ತಿ ಕೇಳಿದ.

"ನಿಮ್ಮದು ಹೂಂ ಏನಮ್ಮಾ?"

"ಹೂಂ."

"ಹಾಗಾದ್ರೆ ನಾಲ್ಕೂ ಆಯ್ತು! ಬನ್ನಿ, ಹಾಡುಗಾರರಿಗೆ ಶುಭಾಶಯ ಹೇಳೇಬಿಡೋಣ." ಅವಳೆದುರೇ ಗಂಟಲಪ್ಪನಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. "ಏನಪ್ಪಾ, ಅಮ್ಮನ ಮಾತು ಹೋದದ್ದೇ ಹೋದದ್ದು, ಹಾಡಿನ ಬಣ್ಣವೇ ಬೇರೆ! ಆ ಖಾಲಿ ಜಾಗದಲ್ಲಿ ಗಿಟಾರು ಎದ್ದು ಬರುತ್ತೆ ನೋಡು, ಆಹಾ. ನಾಳೆ ಜನ ಇದನ್ನ ಮಿಂಚಿನ ಹಾಡು ಅಂತಲೇ ಕರೀತಾರೆ. ನಿನ್ನ ಕಂಠ ಹಿಂದೆ ಹಿಂದೆ ಒಳ್ಳೇ ಆಸರೆ ಕೊಡುತ್ತೆ."

"ಆಸರೆನಾ?"

"ಹೊಗಳಿದೆ ಕಣಯ್ಯಾ."

"ಹಾಗಾದ್ರೆ ನಂದು ಊಹೂಂ," ಎಂದ ಗಂಟಲಪ್ಪ. ಫೋನ್ ಕಟ್ಟಾಯಿತು.

ಧಣಿ ಅವಳತ್ತ ಎರಡೂ ಕೈ ಬಿಡಿಸಿ ತೋರಿಸಿದ. ಮುಖದಲ್ಲಿ ನಗುವೂ ಇರಲಿಲ್ಲ. ನಗುವಷ್ಟು ದೊಡ್ಡ ಕೆಲಸವೇನೂ ಆಗಿರಲಿಲ್ಲ. "ನಾನೇನು ಮಾಡ್ಲಿ ಹೇಳಿ. ನಿಮ್ಮದೇ ಕಾನೂನು. ನಾನು ಯಾವ ಹಾಡನ್ನೂ ತಡೆದೋನಲ್ಲ."

ತಡೆದವನಲ್ಲ, ನಿಜ. ಪತ್ರಿಕೆಗಳು ಹಾಗೆಯೇ ಬರೆದವು. ಮಹಾನ್ ಕಲಾವಿದರು, ಮಹಾನ್ ಜಂಬ, ಒಂದು ಆಲ್ಬಮಿನ ಅಕಾಲ ಮರಣ. ಜಗಳಕ್ಕೆ ಕಾರಣ ಡ್ರಮ್ಮಿನವಳ ಹಟ ಎಂದು ಗಂಟಲಪ್ಪ ಸಂದರ್ಶನ ಕೊಟ್ಟ. ಮಿಂಚು ಸೋಪಿನ ಜಾಹೀರಾತಿಗೆ ಹೋದ. ಮೂಕಯ್ಯ ಏನೂ ಹೇಳಲಿಲ್ಲ. ಬೆಂಕಿಯ ಬಗ್ಗೆ ಯಾವ ಪತ್ರಿಕೆಯಲ್ಲೂ ಒಂದು ಸಾಲಿರಲಿಲ್ಲ.

ಅಮ್ಮನಿಗೆ ಅವಳೇ ಹೇಳಿದಳು. ಅಮ್ಮ ಸೂಜಿಗೆ ನೂಲು ಪೋಣಿಸುತ್ತಿದ್ದಳು.

"ಯಾರು ಇಳಿಸಿದ್ದು? ಆ ಗಂಟಲಪ್ಪನಾ?"

"ನಾನು."

"ನಿನ್ನ ಬೆರಳಲ್ಲೇ?"

ಅಮ್ಮ ನೂಲು ಪೋಣಿಸಿ, ಗಂಟು ಹಾಕಿ, ಹೊಲಿಗೆ ಮುಂದುವರಿಸಿದಳು. ಬಯ್ದಿದ್ದರೆ ಚೆನ್ನಾಗಿತ್ತು.

ಕಾರ್ಖಾನೆ ತೆರೆದ ಬೆಳಿಗ್ಗೆ ಸಂಘದ ಹೆಂಗಸರು ಗೇಟಿನ ಮುಂದೆ ಸೇರಿದರು. ಲಾರಿ ಇರಲಿಲ್ಲ, ಮೈಕೂ ಇರಲಿಲ್ಲ. "ಆ ಹಾಡು ಹೇಳೇ," ಎಂದಳು ಒಬ್ಬಳು. "ವರ್ಷದಿಂದ ಹಾಡು ಹಾಡು ಅಂತ ಕಾಯಿಸಿದೀಯ. ನಮಗೊಂದು ಸಾಲೂ ಬರಲ್ಲ. ಮೊದಲೇ ಇಲ್ಲಿ ಕೂರಿಸಿ ಹೇಳ್ಕೊಟ್ಟಿದ್ರೆ ಒಂದು ಸಂಜೆ ಸಾಕಾಗ್ತಿತ್ತು."

ಒಪ್ಪಂದ ಹಾಳಾಗಿ ಹೋಗಲಿ ಎಂದು ಅವಳು ಗೇಟನ್ನು ಗುದ್ದಿ ಶುರುಮಾಡಿದಳು. ಹೆಂಗಸರ ತುಟಿಗಳು ಅಲ್ಲಾಡಿದವು, ಪದ ಸಿಗದೆ ನಿಂತವು. ಕೆಲವರು ಚಪ್ಪಾಳೆ ಹೊಂದಿಸಲು ನೋಡಿದರು. ಹಾಡು ಅಮ್ಮನ ಜಾಗಕ್ಕೆ ಬಂತು. ಅವಳು ಹಾಡು ನಿಲ್ಲಿಸಿ, ಬರೀ ಗುದ್ದುತ್ತಾ, ಅಮ್ಮನ ಕಡೆ ತಿರುಗಿದಳು.

ಅಮ್ಮ ಬಾಯಿ ತೆರೆಯಲಿಲ್ಲ.

"ಅಮ್ಮಾ, ಹೇಳು," ಎಂದಳು. ಮುಷ್ಟಿ ನಿಲ್ಲಿಸಲಿಲ್ಲ.

"ಆ ಜಾಗ ಖಾಲಿ ಮಾಡಿದೋಳು ನೀನು," ಎಂದಳು ಅಮ್ಮ, ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ. "ನೀನೇ ತುಂಬ್ಸು."

ತುಂಬಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಗುದ್ದುತ್ತಲೇ ಇದ್ದಳು. ಹೊಸ ಹುಡುಗಿಯರು ಪಕ್ಕದ ಸಣ್ಣ ಗೇಟಿನಿಂದ ಸಾಲಾಗಿ ಒಳಗೆ ಹೋಗುತ್ತಿದ್ದರು. ಒಬ್ಬಳು ತಿರುಗಿ ನೋಡಿ ಗೆಳತಿಯ ಮೊಣಕೈ ತಿವಿದಳು.

"ಏ, ಒಂದೇ ಕೊರಳಿನವಳಲ್ವೇನೇ ಅವಳು? ಜಗಳ ಆಡಿ ಆಲ್ಬಮ್ ಹಾಳು ಮಾಡಿದೋಳು?"

"ಹೌದು ಕಣೇ! ಇಲ್ಯಾಕೆ ಬಾಗಿಲು ಗುದ್ತಾಳೆ?"

"ಹುಚ್ಚು ಹಿಡಿದಿರ್ಬೇಕು, ಪಾಪ."

ಹುಡುಗಿ ಫೋನ್ ಎತ್ತಿ, ತನ್ನ ಮುಖವೂ ಡ್ರಮ್ಮಿನವಳ ಮುಖವೂ ಒಟ್ಟಿಗೆ ಬರುವಂತೆ ಓರೆಯಾಗಿ ನಿಂತು ಒಂದು ಫೋಟೋ ತೆಗೆದುಕೊಂಡಳು. ಆಮೇಲೆ ಗೆಳತಿಯ ಕೈ ಹಿಡಿದು, ನಗುತ್ತಾ, ಒಳಗೆ ಓಡಿದಳು.