ಎಡಗೈಯ ಉಂಗುರ ಬೆರಳು

ಶಾಯಿಯ ವಾಸನೆ, ಅದರ ಬೆನ್ನಿಗೇ ಸೀಮೆಎಣ್ಣೆಯದು — ಎಲ್ಲಿಂದ ಬಂತು ಈಗ, ಐವತ್ತು ವರ್ಷದ ಹಿಂದಿನದು, ಕಂಪ್ಯೂಟರಿನ ಫ್ಯಾನು ಬಿಸಿಗಾಳಿ ಊದುತ್ತಿದೆ, ಕಾದ ಧೂಳಿನ ವಾಸನೆ ಅಷ್ಟೇ ಇದ್ದೀತು, ಆದರೆ ಶೋಭಾರಾಣಿಯ ಮೂಗಿಗೆ ಬಡಿಯುತ್ತಿರುವುದು ಅಪ್ಪನ ಖಾಕಿ ಚೀಲ, ಅದರೊಳಗಿನ ತಗಡಿನ ಡಬ್ಬಿ, ಡಬ್ಬಿಯೊಳಗಿನ ನೇರಳೆ ಬಣ್ಣದ ಒದ್ದೆ ಬಟ್ಟೆ, ಅಪ್ಪ ಬೇವೂರಿನ ಅಂಚೆಯವನು, ಮನಿಯಾರ್ಡರು ಬಂದವರ ಹೆಬ್ಬೆರಳು ಹಿಡಿದು ಡಬ್ಬಿಗೊತ್ತಿ ಕಾಗದಕ್ಕೊತ್ತಿ, ಆಮೇಲೆ ಸೀಮೆಎಣ್ಣೆಯ ಚಿಂದಿಯಿಂದ ಒರೆಸಿ ಒರೆಸಿ, ಕಲೆ ಹೋಗುವ ತನಕ ಬೆರಳು ಬಿಡುತ್ತಿರಲಿಲ್ಲ, ಹಂಗ ಕಳಿಸಬಾರದವ್ವ, ಉಣ್ಣೋ ಕೈ ಅದು, ಅನ್ನುತ್ತಿದ್ದ, ಒರೆಸು ಎಂದು ಯಾವ ಸರಕಾರವೂ ಅವನಿಗೆ ಹೇಳಿರಲಿಲ್ಲ — ಮತ್ತೆ ಇಲ್ಲಿ, ತನ್ನ ಸೇವಾ ಕೇಂದ್ರದ ಮೇಜಿನ ಮೇಲೆ, ಬೆರಳ ಗುರುತು ಹಿಡಿಯುವ ಈ ಕರಿ ಯಂತ್ರ, ಮುಷ್ಟಿಯಷ್ಟು ದಪ್ಪ, ನೆತ್ತಿಯ ಮೇಲೊಂದು ಗಾಜಿನ ಕಿಟಕಿ, ಬೆರಳಿಟ್ಟರೆ ಕೆಂಪಗೆ ಹೊತ್ತಿಕೊಳ್ಳಬೇಕು, ಶನಿವಾರದ ತನಕ ಹೊತ್ತಿಕೊಂಡಿದೆ, ಇವತ್ತು ಇಲ್ಲ, ವಯರು ಕಿತ್ತು ಮತ್ತೆ ಚುಚ್ಚಿದಳು, ಬೇರೆ ತೂತಿಗೆ ಚುಚ್ಚಿದಳು, ಕಂಪ್ಯೂಟರು ಬಂದ್ ಮಾಡಿ ಚಾಲೂ ಮಾಡಿದಳು, ಗಾಜು ಕಪ್ಪಗೇ ಇದೆ, ಪರದೆಯ ಮೇಲೆ ಯಂತ್ರಗಳ ಪಟ್ಟಿ ತೆಗೆದರೆ ಎಲ್ಲಕ್ಕೂ ಹೆಸರಿದೆ, ಪ್ರಿಂಟರಿಗಿದೆ, ಕೀಲಿಮಣೆಗಿದೆ, ಇದಕ್ಕೆ ಮಾತ್ರ ಒಂದು ಹಳದಿ ತ್ರಿಕೋನ, ಅದರ ಪಕ್ಕ ಗುರುತಿಲ್ಲದ ಸಾಧನ ಎಂಬ ಎರಡು ಪದ, ಗುರುತಿಲ್ಲ ಅಂದರೇನು, ಎಂಟು ವರ್ಷ ಇದೇ ಮೇಜಿನ ಮೇಲೆ ಕೂತಿದೆಯಲ್ಲ, ಊರಿನ ಅರ್ಧ ಜನರ ಬೆರಳು ಮುಟ್ಟಿದೆಯಲ್ಲ.

ಬೆಂಚಿನ ಮೇಲೆ ಹುಲಗೆಮ್ಮ ಅತ್ತಿ, ನಂಟೇನಿಲ್ಲ, ಊರ ವಾಡಿಕೆಯ ಅತ್ತಿ. ಬೆಳಗಿನ ಒಂಬತ್ತೂವರೆಗೆ ಬಂದು ಕೂತವಳು, ಪಕ್ಕದಲ್ಲಿ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಬುತ್ತಿ ಗಂಟು, ಏನೂ ಕೇಳುವುದಿಲ್ಲ, ಕೇಳಿದ್ದರೆ ಎಷ್ಟೋ ಸುಲಭವಿತ್ತು — ವೃದ್ಧಾಪ್ಯ ವೇತನದವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಬೆರಳು ಕೊಟ್ಟು ತೋರಿಸಬೇಕು, ಇವತ್ತು ಸಂಜೆ ಐದಕ್ಕೆ ಕಡೆ, ತೋರಿಸದವರ ಹೆಸರು ಬದುಕಿದವರ ಪಟ್ಟಿಯಿಂದ ಹೋಗುತ್ತದೆ, ಮುಂದಿನ ತಿಂಗಳಿಂದ ವೇತನವಿಲ್ಲ, ಅಂದರೆ ಬಿಪಿ ಗುಳಿಗೆಯಿಲ್ಲ, ಚಹಾಪುಡಿಯಿಲ್ಲ, ಸೊಸೆಯ ಮುಂದೆ ಕೈ ಚಾಚಬೇಕು, ಅದನ್ನು ಅತ್ತಿ ಸತ್ತರೂ ಮಾಡುವವಳಲ್ಲ. ಮತ್ತೆ ಶನಿವಾರವೇ ಬಂದಿದ್ದಳಲ್ಲ ಈಕೆ, ಅವತ್ತು ಯಂತ್ರ ಸರಿಯಿತ್ತು, ಗಾಜು ಕೆಂಪಗೆ ಉರಿಯುತ್ತಿತ್ತು, ಬೇಡ ಅಂದವಳು ನಾನೇ, ಸೋಮವಾರ ಬಾ ಅತ್ತಿ, ಐತವಾರ ಕಂಪ್ಯೂಟರಿಗೆ ಹೊಸದು ಹಾಕಿಸಾಕತ್ತೀನಿ, ಲಗೂ ಆಗ್ತೈತಿ, ನಿನಗ ಭಾಳ ಹೊತ್ತು ಕುಂದ್ರೂದು ತಪ್ತೈತಿ — ಒಳ್ಳೆಯದಾಗಲೆಂದೇ ಅಂದದ್ದು, ಬಾಯಿಯಿಂದ ಹೊರಟ ಆ ಮಾತು ಈಗ ಈ ಕೋಣೆಯಲ್ಲೇ ಎಲ್ಲೋ ಕೂತಿದೆ, ಬೆಂಚಿನ ಇನ್ನೊಂದು ತುದಿಗೆ.

ಉಳಿದವರದು ಚಿಂತೆಯಿಲ್ಲ, ಬೆಳಿಗ್ಗೆ ಬಂದವರನ್ನೆಲ್ಲ ಹತ್ತರ ಬಸ್ಸಿಗೆ ಯಲಬುರ್ಗಾಕ್ಕೆ ಕಳಿಸಿಯಾಯಿತು, ಅಲ್ಲಿಯ ಕೇಂದ್ರದಲ್ಲಿ ತೆಳ್ಳನೆಯ ಹೊಸ ಯಂತ್ರಗಳಿವೆ, ಒತ್ತಿದರೆ ಮುಗಿಯಿತು. ಅತ್ತಿಯ ಬೆರಳು ಆ ಯಂತ್ರಗಳಿಗೆ ಕಾಣುವುದಿಲ್ಲ. ಹೋದ ವರ್ಷ ಯಲಬುರ್ಗಾದಲ್ಲೂ ಆಗಲಿಲ್ಲ, ಕುಷ್ಟಗಿಯಲ್ಲೂ ಆಗಲಿಲ್ಲ, ಅಲ್ಲೊಬ್ಬ ಹತ್ತೂ ಬೆರಳು ಒತ್ತಿಸಿ ನೋಡಿ, ಯಮ್ಮಾ ನಿನಗ ಬೆರಳ ಇಲ್ಲಲ್ಲ ಅಂದನಂತೆ, ಆಕೆ ವಾಪಸು ಬಂದು ನಗುತ್ತಾ ಹೇಳಿದ್ದಳು, ಇಷ್ಟು ವರ್ಷ ಯಾರ ಬೆರಳಿಂದ ರೊಟ್ಟಿ ಬಡದೆನೋ ಏನೋ ನಾ. ನಲವತ್ತು ವರ್ಷ ಗಂಗಾವತಿಯ ಕಡೆ ಮರಳಿ ಎಂಬ ಊರಿನ ಗದ್ದೆಗಳಲ್ಲಿ ನೆಲ್ಲು ನಾಟಿಗೆ ಹೋದವಳು, ಕೆಸರು ಮತ್ತು ನೀರು ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದುಬಿಟ್ಟಿವೆ, ತುದಿಗಳು ಹೊಳೆಯ ಕಲ್ಲಿನ ಹಾಗೆ ನುಣ್ಣಗೆ — ಈ ಹಳೇ ಕರಿ ಯಂತ್ರಕ್ಕೆ ಮಾತ್ರ ಆ ನುಣುಪಿನಲ್ಲೂ ಏನೋ ಕಾಣುತ್ತಿತ್ತು, ಅದೂ ಒಂದೇ ಬೆರಳು, ಎಡಗೈಯ ಉಂಗುರ ಬೆರಳು, ಅದೂ ಸುಮ್ಮನೆ ಅಲ್ಲ, ಬಿಸಿ ಚಹಾದ ಲೋಟವನ್ನು ಆ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿಸಬೇಕು, ಬೆವರನ್ನು ಸೆರಗಿನಿಂದ ಒರೆಸಬೇಕು, ಮೆಲ್ಲಗೆ ಇಡಿಸಬೇಕು, ಉಸಿರು ಬಿಡು ಅತ್ತಿ ಅನ್ನಬೇಕು, ಹನ್ನೊಂದನೆಯ ಸಲ ಹಸಿರು ಗುರುತು ಬಂತು ಅವತ್ತು. ಎಡಗೈ ಎಂದಾಗ ಮೊದಲು ಒಪ್ಪಿರಲಿಲ್ಲ ಆಕೆ. ಸರಕಾರಕ್ಕ ಎಡಗೈ ಕೊಡೂದಾ, ಹೇಲು ತೊಳಿಯೋ ಕೈ, ತಪ್ಪು ತಿಳ್ಕೊಂಡಾರು. ಸರಕಾರಕ್ಕ ಮೂಗಿಲ್ಲ ಬಿಡತ್ತಿ ಎಂದು ಶೋಭಾರಾಣಿ ಅಂದಮೇಲೆ ಇಬ್ಬರೂ ನಕ್ಕು ನಕ್ಕು, ಲೋಟದ ಚಹಾ ತುಳುಕಿ — ಆ ಗಾಜು ಈಗ ಕಪ್ಪು.

ಯಲಬುರ್ಗಾದ ರವಿಕುಮಾರನಿಗೆ ಫೋನು ಮಾಡಿದ್ದು ಹನ್ನೊಂದಕ್ಕೆ, ನಿನ್ನೆ ಬಂದು ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಹಾಕಿಕೊಟ್ಟವನು ಅವನೇ, ಎರಡು ಮಕ್ಕಳ ತಂದೆ, ಮೆತ್ತನೆಯ ಮಾತು, ಹೋಗುವಾಗ ಶೋಭಾರಾಣಿಯ ಕುರ್ಚಿಯ ಮುರಿದ ಗಾಲಿಯನ್ನೂ ಕೇಳದೆಯೇ ಸರಿಮಾಡಿಕೊಟ್ಟಿದ್ದ, ಅವನದೇನು ತಪ್ಪು, ಹಳೇ ವ್ಯವಸ್ಥೆಯಲ್ಲಿ ಸೋಮವಾರದಿಂದ ನಮ್ಮ ಪುಟ ತೆರೆಯುವುದಿಲ್ಲ ಎಂದು ಕೊಪ್ಪಳದ ಆಫೀಸಿನವರೇ ಮೂರು ಸಲ ನೋಟೀಸು ಕಳಿಸಿದ್ದರು. ಅಕ್ಕಾರ, ಯಂತ್ರ ಕೆಟ್ಟಿಲ್ಲರಿ, ಅಂದ ಅವನು, ಅದು ಯಾರು, ಅದರ ಕೂಡ ಹ್ಯಾಂಗ ಮಾತಾಡಬೇಕು ಅಂತ ಕಂಪ್ಯೂಟರಿಗೆ ತಿಳಿಸಿಕೊಡೋ ಡ್ರೈವರ್ ಅಂತ ಒಂದು ಇರ್ತೈತಿ, ಹೊಸದರಾಗ ಅದು ಇಲ್ಲ, ನಾ ಹುಡುಕಿ ಹಾಕ್ತೀನಿ, ಒಂದು ತಾಸು ಕೊಡ್ರಿ. ಒಂದು ತಾಸು ಕೊಟ್ಟಳು. ಪರದೆಯ ಮೇಲೆ ಅವನ ಬಾಣದ ಗುರುತು ದೂರದಿಂದಲೇ ತಾನಾಗಿ ಓಡಾಡಿತು, ಅಲ್ಲಿ ಒತ್ತಿತು, ಇಲ್ಲಿ ತೆರೆಯಿತು, ಪುಟ ಸಿಗಲಿಲ್ಲ, ಪುಟ ಸಿಗಲಿಲ್ಲ, ಮತ್ತೆ ಫೋನು, ಅಕ್ಕಾರ, ಆ ಕಂಪನೀನ ಈಗ ಇಲ್ಲರಿ. ಇಲ್ಲ ಅಂದರೆ, ಅಂದಳು. ಮುಚ್ಚೇತ್ರಿ. ಹಂಗಾರ ಹಳೇದ ವಾಪಸ್ ಹಾಕಿಕೊಡು ತಮ್ಮಾ. ಅವನೆಂದ, ಹಳೇದು ಹಾಕಿದ್ರ ಯಂತ್ರ ನಡಿತೈತಿ, ಆಫೀಸಿನ ಪುಟ ತೆರಿಯಂಗಿಲ್ಲ, ಹೊಸದಿದ್ರ ಪುಟ ತೆರಿತೈತಿ, ಯಂತ್ರ ನಡಿಯಂಗಿಲ್ಲ. ಶೋಭಾರಾಣಿ ಬಿ.ಕಾಂ. ಓದಿದ್ದಾಳೆ, ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಗುಮಾಸ್ತಳಾಗಿದ್ದಾಳೆ, ಎಂಥೆಂಥ ಮುಚ್ಚಿದ ಬಾಗಿಲುಗಳನ್ನೂ ಒಂದು ಅರ್ಜಿ ಬರೆದು ತೆರೆಸಿದ್ದಾಳೆ, ಇಂಥದ್ದೊಂದು ಬಾಗಿಲು ಎಂದೂ ನೋಡಿರಲಿಲ್ಲ, ಎರಡೂ ಕಡೆಯಿಂದ ಚಿಲಕ ಬಿದ್ದದ್ದು. ಆಗಲೇ ಅವನು ಕೇಳಿದ್ದು, ಅಕ್ಕಾರ, ಯಂತ್ರದ ಡಬ್ಬ್ಯಾಗ ಒಂದು ಸೀಡಿ ಬಂದಿರ್ತೈತಿ, ಅದು ಸಿಕ್ಕರ ಏನರ ಮಾಡಬಹುದು, ನೋಡ್ರಿ.

ಸೀಡಿ. ಮೇಜಿನ ಕೆಳಖಾನೆ ಎಳೆದಳು, ಎಳೆಯುವಾಗಲೇ ಕೈಗೆ ಗೊತ್ತಾಯಿತು, ಹಗುರವಿತ್ತು, ಖಾನೆ ಖಾಲಿ — ಸಜ್ಜೆ ತೆನೆ ಹಾಲುಗಟ್ಟುವ ಹೊತ್ತಿಗೆ ಪಕ್ಕದ ಮನೆಯ ಲಕ್ಷ್ಮಣಪ್ಪ ಬಾಗಿಲಲ್ಲಿ ನಿಂತಿದ್ದ, ಶೋಭಕ್ಕಾ, ಹಳೇ ಸೀಡಿ ಇದ್ರ ಕೊಡು, ಹೊಲದಾಗ ಕಟ್ತೀನಿ, ಗುಬ್ಬಿ ಕಾಟ ಭಾಳ ಆಗೈತಿ, ಇವಳು ಖಾನೆ ಎಳೆದು ಇದ್ದಷ್ಟನ್ನೂ ಬಾಚಿ ಅವನ ಕೈಗಿಟ್ಟಿದ್ದಳು, ತಗೋ, ಹಾಡಿನವು ಇರಬೇಕು, ಯಾರು ಕೇಳ್ತಾರ ಈಗ. ಕೊಟ್ಟಾಗ ಮನಸ್ಸಿಗೆ ಎಷ್ಟು ಹಿತವಾಗಿತ್ತು. ಆಮೇಲೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದ್ದಳು, ಹಸಿರಿನ ಮೇಲೆ ಅವು ದಾರದಲ್ಲಿ ತೂಗಿ ತಿರುಗುತ್ತಿದ್ದವು, ತಿರುಗಿದಾಗಲೆಲ್ಲ ಕಣ್ಣಿಗೊಂದು ಮಿಂಚು, ಚಂದ ಕಾಣ್ತಾವಲ್ಲ ಅಂದುಕೊಂಡಿದ್ದಳು, ಹುಲಗೆಮ್ಮ ಅತ್ತಿಯ ಉಸಿರು ಅಲ್ಲಿ ದಾರಕ್ಕೆ ಕಟ್ಟಿಸಿಕೊಂಡು ತೂಗುತ್ತಿದೆ ಎಂದು ಯಾರಿಗೆ ಗೊತ್ತಿತ್ತು.

ಲಕ್ಷ್ಮಣಪ್ಪ ಊಟ ಬಿಟ್ಟು ಎದ್ದು ಹೋದ, ಫೋನಿನಲ್ಲಿ ಪೂರ್ತಿ ಕೇಳಲೂ ಇಲ್ಲ, ಅತ್ತಿ ಹೆಸರು ಕೇಳಿದ್ದೇ ತಡ ಗಾಡಿ ಚಾಲೂ ಮಾಡಿದ ಸದ್ದು ಕೇಳಿಸಿತು, ಮೂರರ ಹೊತ್ತಿಗೆ ಬಂದ, ಮೈತುಂಬ ಸಜ್ಜೆಯ ಸುಂಕು, ಹೊಟ್ಟಿನ ಧೂಳು, ಐದು ಸೀಡಿ ದಾರದ ಸಮೇತ. ಗುಬ್ಬಿ ಅಂಜಲಿಲ್ಲಕ್ಕಾ ಇವಕ್ಕ, ಅಂದ, ಇದರಾಗ ಮುಖ ನೋಡ್ಕೊಂಡು ಹೋಗಿ ತೆನಿ ತಿಂದು ಬರ್ತಿದ್ವು, ಎಂದು ನಗಿಸಲು ನೋಡಿದ, ಇವಳ ಮುಖ ನೋಡಿ ದಾರ ಬಿಚ್ಚತೊಡಗಿದ. ಒಂದೊಂದೇ ತಿರುಗಿಸಿದಳು, ನಾಲ್ಕು ಹಾಡಿನವು, ಐದನೆಯದರ ಮೇಲೆ ನೀಲಿ ಅಕ್ಷರ, ಬೆರಳು ಯಂತ್ರ, ಜೋಪಾನ — ತನ್ನದೇ ಅಕ್ಷರ. ತನ್ನದೇ ದುಂಡನೆಯ ಬ, ಎಂಟು ವರ್ಷದ ಹಿಂದೆ ತಾನೇ ಬರೆದದ್ದು, ಮೂವತ್ತು ವರ್ಷ ಬೇರೆಯವರ ಕಾಗದಗಳನ್ನು ಎರಡೆರಡು ಸಲ ಓದಿ ಕೊಟ್ಟವಳು ಇದನ್ನು ಒಂದು ಸಲವೂ ಓದದೆ ಕೊಟ್ಟಿದ್ದಳು, ಓದದೆ. ಹಿಂದಕ್ಕೆ ತಿರುಗಿಸಿದರೆ ಹೊಳಪೇ ಇಲ್ಲ, ಅಕ್ಷರದ ಹಿಂದಿನ ಚೂರು ಬಿಟ್ಟರೆ ಬಿಸಿಲು ಮಳೆಗೆ ಬೆಳ್ಳಿಯ ಪದರು ಪೊರೆಯಂತೆ ಎದ್ದು ಹೋಗಿದೆ, ಬಿಲ್ಲೆಯ ಆಚೆಗೆ ತನ್ನ ಬೆರಳುಗಳೇ ಕಾಣುತ್ತಿವೆ, ಗಾಜಿನಾಚೆ ಕಂಡಂತೆ. ಆದರೂ ಹಾಕಿದಳು. ಕಂಪ್ಯೂಟರು ತಟ್ಟೆ ಚಾಚಿತು, ನುಂಗಿತು, ಒಳಗೆ ಗರಗರ ತಿರುಗಿಸಿತು, ತಿರುಗಿಸಿತು, ದಯವಿಟ್ಟು ಸೀಡಿ ಹಾಕಿ ಎಂದಿತು ಪರದೆ. ಹಾಕೇವಲ್ಲ, ಅಂದ ಲಕ್ಷ್ಮಣಪ್ಪ, ಪರದೆಗೆ. ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು, ಹತ್ತು ಸಲ ಹಾಕಿದಳು, ಹನ್ನೊಂದನೆಯ ಸಲಕ್ಕೆ ಹೋದ ವರ್ಷ ಹಸಿರು ಬಂದಿತ್ತಲ್ಲ ಎಂದು ಹನ್ನೊಂದನೆಯ ಸಲವೂ ಹಾಕಿದಳು. ತಟ್ಟೆ ಹೊರಗೆ ಬಂತು. ಹಳದಿ ತ್ರಿಕೋನ ಇದ್ದಲ್ಲೇ ಇತ್ತು.

ಲಕ್ಷ್ಮಣಪ್ಪ ಚಹಾ ತಂದಿಟ್ಟು ಹೋದ, ಅತ್ತಿ ತನ್ನ ಲೋಟವನ್ನು ಕುಡಿಯದೆ ಎಡಗೈಯಲ್ಲಿ ಹಿಡಿದು ಕೂತಿದ್ದಾಳೆ, ಯಾರೂ ಹೇಳಿಲ್ಲ, ಹೋದ ವರ್ಷದ ನೆನಪಿನಿಂದ, ಬೆರಳನ್ನು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾಳೆ — ಅಯ್ಯೋ, ಇದನ್ನು ನೋಡಬಾರದು, ಇದನ್ನು ಹೇಗೆ ನೋಡಲಿ, ಕಣ್ಣು ಎತ್ತಲೋ ಹೊರಳಿಸಿದರೆ ಅಪ್ಪ, ಅಪ್ಪನ ಹಾಳೆ, ಹಾಳೆಯ ಮೇಲೆ ಹುಲಗೆಮ್ಮ ಎಂಬ ಎಳೆಯ ಹೆಂಗಸಿನ ಹೆಬ್ಬೆಟ್ಟು, ಅವಳ ಗಂಡ ಗ್ಯಾನಪ್ಪ ದೂರದ ಡ್ಯಾಮಿನ ಕೆಲಸದಿಂದ ಹಣ ಕಳಿಸುತ್ತಿದ್ದ, ಫ್ರಾಕು ಹಾಕಿದ ಶೋಭಾ ಅಪ್ಪನ ಮೊಣಕೈ ಸಂದಿಯಿಂದ ಇಣುಕಿ ನೋಡುತ್ತಿದ್ದಳು, ನೇರಳೆ ಗೆರೆಗಳು ಒಂದರೊಳಗೊಂದು, ಆಗತಾನೇ ಕುಂಟೆ ಹೊಡೆದ ಹೊಲದ ಹಾಗೆ, ಎಷ್ಟು ಸ್ಪಷ್ಟ, ಎಷ್ಟು ಚಂದ, ಊರಲ್ಲೆಲ್ಲ ಇಂಥ ಹೆಬ್ಬೆಟ್ಟು ಇಲ್ಲ ನೋಡವ್ವ ಎಂದಿದ್ದ ಅಪ್ಪ, ಎಂದು ಚಿಂದಿ ತೆಗೆದು ಒರೆಸಿದ್ದ, ಉಣ್ಣೋ ಕೈ. ಆ ಗೆರೆಗಳೆಲ್ಲ ಎಲ್ಲಿ ಹೋದವು, ಮರಳಿಯ ಕೆಸರಿನಲ್ಲಿವೆಯೇ, ಯಾರ ಯಾರದೋ ಅನ್ನದಲ್ಲಿ ಹೋದವೇ, ಒಂದು ಬೆರಳಿನಲ್ಲಿ ಒಂದಿಷ್ಟು ಉಳಿದಿತ್ತು, ಅದನ್ನು ಕಾಣುವ ಒಂದೇ ಒಂದು ಕಣ್ಣನ್ನು ನಾನು, ನಾನು, ಗುಬ್ಬಿ ಬೆದರಿಸಲು —

ಗೋಡೆ ಗಡಿಯಾರ ಐದು. ಪರದೆಯ ಮೇಲೆ ಸಾಲೊಂದು ತಾನಾಗಿ ಮೂಡಿತು, ಅವಧಿ ಮುಗಿದಿದೆ, ಅದರ ಕೆಳಗೆ ಹುಲಗೆಮ್ಮ, ಗಂಡ ಗ್ಯಾನಪ್ಪ, ಬೇವೂರು, ಜೀವಂತವಾಗಿರುವುದು ದೃಢಪಟ್ಟಿಲ್ಲ. ಬೆಂಚಿನ ಮೇಲೆ ಹುಲಗೆಮ್ಮ ಕೆಮ್ಮಿದಳು. ಇಷ್ಟು ಹತ್ತಿರ, ಆರಡಿ ದೂರದಲ್ಲಿ, ಜೀವಂತವಾಗಿ ಕೆಮ್ಮಿದಳು, ಪರದೆಗೆ ಕೇಳಿಸಲಿಲ್ಲ. ನಾಳೆ ಕೊಪ್ಪಳಕ್ಕೆ ಹೋಗಬೇಕು, ಮೊದಲನೇ ಬಸ್ಸಿಗೆ, ಅತ್ತಿಯನ್ನೂ ಕರೆದುಕೊಂಡು, ಆಫೀಸಿನವರ ಮುಂದೆ ಕೂರಿಸಿ ನೋಡಿ ಎನ್ನಬೇಕು, ಕೆಮ್ಮು ಅತ್ತಿ ಎನ್ನಬೇಕು, ಅರ್ಜಿ ಬರೆಯಬೇಕು, ಏನೆಂದು ಬರೆಯುವುದು, ಮಾನ್ಯರೇ, ಎಂದು ಬರೆದು, ಆಮೇಲೆ — ಆಗಲಿಲ್ಲತ್ತಿ, ಅಂದಳು, ತಿರುಗಿ ನೋಡದೆ, ತಪ್ಪು ನಂದು, ಆ ಸೀಡಿ ನಾನ ಕೊಟ್ಟೆ. ಹಿಂದೆ ಲೋಟ ನೆಲಕ್ಕಿಟ್ಟ ಸದ್ದು. ಗಂಟು ಬಿಚ್ಚುವ ಸದ್ದು, ಹಳೇ ಬಟ್ಟೆಯ ಬಿಗಿ ಗಂಟು, ಉಗುರಿನಿಂದ ಬಿಡಿಸಬೇಕು. ಆಮೇಲೆ ಕೀಲಿಮಣೆಯ ಪಕ್ಕಕ್ಕೆ, ಕಣ್ಣಿನ ಅಂಚಿಗೆ, ಒಂದು ಕೈ ಬಂತು, ಬಲಗೈ, ಅದರ ಮೊಣಕೈಗೆ ಎಡಗೈ ತಾಗಿಸಿ ಹಿಡಿದು, ಮಾನ್ಯರಿಗೆ ಕೊಡುವ ಹಾಗೆ, ಒಂದು ಜೋಳದ ರೊಟ್ಟಿ, ಮೇಲೆ ಪುಂಡಿ ಪಲ್ಯ, ಒಂದಿಷ್ಟು ಶೇಂಗಾ ಚಟ್ನಿ, ಬೆಳಗಿನಿಂದ ಶೋಭಾರಾಣಿ ಏನೂ ತಿಂದಿಲ್ಲವೆಂಬುದು ಶೋಭಾರಾಣಿಗೇ ಮರೆತಿತ್ತು, ಬೆಂಚಿಗೆ ಮರೆತಿರಲಿಲ್ಲ. ತೆಗೆದುಕೊಂಡಳು. ರೊಟ್ಟಿಯ ಮೈತುಂಬ ಬಡಿದ ಕೈಯ ಗುರುತು, ನಡುವೆ ಬಲಗೈಯವು, ಅಂಚಿಗೆ ಎಡಗೈಯವು, ತಿರುಗಿಸುತ್ತ ತಿರುಗಿಸುತ್ತ ಅಂಚು ಕಾಯ್ದ ಬೆರಳುಗಳದು, ಕಿರುಬೆರಳು, ಅದರ ಪಕ್ಕ, ಬೆಂಕಿಯಲ್ಲಿ ಸುಟ್ಟು ಗಟ್ಟಿಯಾಗಿ, ಒಂದು ಸಣ್ಣ ತಗ್ಗು, ಉಂಗುರ ಬೆರಳಿನದು, ಸ್ಪಷ್ಟವಾಗಿ, ಅದರದೇ, ಉಂಗುರ ಬೆರಳಿನದು —