ಜಂಬಯ್ಯನ ಎರಡನೇ ಶವಯಾತ್ರೆ

"ಅಷ್ಟು ಬಿಗಿ ಬ್ಯಾಡ ಚಿಗಪ್ಪ, ಸಡ್ಲ ಕಟ್ಟು."

ಅಣ್ಣ ಜಂಬಯ್ಯನ ಹೆಣವನ್ನು ಚಟ್ಟಕ್ಕೆ ಕಟ್ಟುತ್ತಿದ್ದ ಚೌಡಣ್ಣ ತಲೆಯೆತ್ತಿ ಅಣ್ಣನ ಮಗಳು ಅಂಜಿನಕ್ಕನ ಮುಖ ನೋಡಿದ.

"ಸಡ್ಲ ಕಟ್ಟಿದ್ರ ದಾರ್ಯಾಗ ಜಾರ್ತೈತಿ ಯವ್ವಾ."

"ಜಾರ್ಲಿ. ಬಿಗಿ ಕಟ್ಟಿದ್ದು ಒಮ್ಮೆ ಸಾಕು."

ಚೌಡಣ್ಣ ಗಂಟು ಬಿಚ್ಚಿ ಮತ್ತೆ ಕಟ್ಟಿದ. ಗೋಡೆಯ ಪಕ್ಕ ಕೂತಿದ್ದ ಶಿವಮ್ಮ ಚೀಲದಿಂದ ಮೊರಕ್ಕೆ ಮಂಡಕ್ಕಿ ಸುರಿಯುತ್ತಿದ್ದಳು. ಸರ್ಕಾರಿ ಕಾಲೇಜಿನ ಗೇಟಿನ ಮುಂದೆ ಹದಿನಾರು ವರ್ಷ ಮಂಡಕ್ಕಿ-ಮಿರ್ಚಿ ಮಾರಿದ ಗಂಡನ ಹೆಣದ ಮೇಲೆ ಎರಚಲು ಅಂಗಡಿಗೆ ಹೋಗುವ ಅಗತ್ಯವಿರಲಿಲ್ಲ.

ಅಷ್ಟರಲ್ಲಿ ಓಣಿಯ ಬಾಯಲ್ಲಿ ಬಿಳಿ ಕಾರು ನಿಂತಿತು. ಕೂತವರೆಲ್ಲ ಎದ್ದರು. ಕೊಟ್ಟೂರು ರಸ್ತೆಯ ಮೂರಂತಸ್ತಿನ ಖಾಸಗಿ ಕಾಲೇಜಿನ ಸೆಕ್ರೆಟರಿ ಬಸವೇಶ್ ಬಂದಿದ್ದ. ಹೆಣದ ಮೇಲೆ ಹಾರ ಹಾಕಿ, ಕಾಲು ಮುಟ್ಟಿ, ಕಣ್ಣೊರೆಸಿಕೊಂಡ. ಕಣ್ಣೀರು ನಿಜವಾದದ್ದೇ ಎಂದು ಅಂಜಿನಕ್ಕನಿಗೂ ಅನ್ನಿಸಿತು, ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

ಬಸವೇಶ್ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲಿಟ್ಟುಕೊಂಡ. "ಮುಂದಿನ ಬಲಗಡಿ ನಾ ಹೊರ್ತೀನಿ ಚೌಡಣ್ಣ. ಆವತ್ತೂ ಅದ ನಂದಿತ್ತು."

* * *

ಆವತ್ತು ಎಂದರೆ ತೊಂಬತ್ತೆರಡನೇ ಇಸವಿ. ಸರ್ಕಾರಿ ಕಾಲೇಜಿನ ವಿಜ್ಞಾನ ವಿಭಾಗ ಮುಚ್ಚುತ್ತೇವೆ ಎಂದಿತು ಸರ್ಕಾರ. ಮೇಷ್ಟರುಗಳಿಗೆ ಸಂಬಳ ಕೊಡಲು ದುಡ್ಡಿಲ್ಲವಂತೆ, ಬೇಕಾದವರು ಖಾಸಗಿ ಕಾಲೇಜಿಗೆ ಹೋಗಿ ಓದಲಂತೆ. ಹೊಸಪೇಟೆಯಲ್ಲಿ ಡೊನೇಶನ್ ಕಟ್ಟಿ ಓದಿಸುವ ಮನೆಗಳು ಊರಲ್ಲಿ ಬೆರಳೆಣಿಕೆಯಷ್ಟಿದ್ದವು. ಅಂಜಿನಕ್ಕ ವಿಜ್ಞಾನದ ಬೆಂಚಿನಲ್ಲಿ ಕೂತು ಆಗಿನ್ನೂ ಮೂರು ತಿಂಗಳು. ಅಲ್ಲೇ ದಿನಗೂಲಿ ಜವಾನನಾಗಿದ್ದ ಜಂಬಯ್ಯ ಮಗಳ ಕ್ಲಾಸಿನ ಗಂಟೆಯನ್ನು ಉಳಿದವಕ್ಕಿಂತ ಜೋರಾಗಿ ಬಾರಿಸುತ್ತಿದ್ದ.

ವಿದ್ಯಾರ್ಥಿ ಮುಖಂಡ ಬಸವೇಶ್ ಸರ್ಕಾರದ ಅಣಕು ಶವಯಾತ್ರೆ ಹೂಡಿದ. ಆದರೆ ಹುಲ್ಲಿನ ಪ್ರತಿಕೃತಿಯನ್ನು ಪೊಲೀಸರು ಬೆಳಿಗ್ಗೆಯೇ ಎತ್ತಿಕೊಂಡು ಹೋಗಿದ್ದರು.

"ಹೆಣ ಇಲ್ದ ಶವಯಾತ್ರಿ ಹ್ಯಾಂಗಲೇ ಮಾಡ್ತೀರಿ?" ಎಂದು ನಗಾಡಿದ ಜಂಬಯ್ಯ, ಗಂಟೆಯ ಸುತ್ತಿಗೆಯನ್ನು ಮೊಳೆಗೆ ತಗುಲಿಸಿ ತಾನೇ ಚಟ್ಟದ ಮೇಲೆ ಮಲಗಿಬಿಟ್ಟ. "ಹೊರ್ರಿ."

ಹಗ್ಗ ಕಟ್ಟಿದವನು ಬಸವೇಶನೇ. "ಅಲ್ಲಾಡಿದ್ರ ಹೆಣ ಅನ್ಸಂಗಿಲ್ಲ ಜಂಬಣ್ಣ" ಎಂದು ಎದೆಗೆ, ಸೊಂಟಕ್ಕೆ, ಕಾಲಿಗೆ ಬಿಗಿದ. ಹಲಗೆ ಬಡಿಯುತ್ತಾ ಹೊರಟರು. ಸಂತೆಯಿಂದ ಬರುತ್ತಿದ್ದ ಶಿವಮ್ಮ ಗಂಡನನ್ನು ಚಟ್ಟದ ಮೇಲೆ ಕಂಡವಳೇ ಬುಟ್ಟಿ ಎಸೆದು ಬಾಯಿ ಬಡಿದುಕೊಂಡಳು. ಹೆಣ ಒಂದು ಕಣ್ಣು ತೆರೆಯಿತು. "ಲೇ, ಸತ್ತಿಲ್ಲಲೇ! ಮನಿಗೆ ಹೋಗು." ಹಿಂದೆ ನಡೆಯುತ್ತಿದ್ದ ಅಂಜಿನಕ್ಕನಿಗೂ ನಗು ತಡೆಯಲಾಗಲಿಲ್ಲ.

ತಾಲೂಕು ಕಚೇರಿಯ ಮುಂದೆ ಲಾಠಿ ಬಿದ್ದವು. ಹೊತ್ತವರು ಚಟ್ಟ ಬಿಸಾಕಿ ಓಡಿದರು. ಮುಂದಿನ ಬಲಗಡೆಯವನು ಎಲ್ಲರಿಗಿಂತ ಮೊದಲೇ ಓಡಿದ. ಕಟ್ಟಿಸಿಕೊಂಡವನು ಓಡುವುದಾದರೂ ಹೇಗೆ? "ಬಿಚ್ರಲೇ, ಯಾರಾರ ಬಿಚ್ರಲೇ" ಎಂದು ಜಂಬಯ್ಯ ಕೂಗುತ್ತಲೇ ಇದ್ದ. ಅಂಜಿನಕ್ಕ ಗುಂಪು ಸೀಳಿಕೊಂಡು ಬಂದು ಹಲ್ಲಿನಿಂದ ಗಂಟು ಬಿಚ್ಚುವಷ್ಟರಲ್ಲಿ ಅವನ ಸೊಂಟದ ಎಲುಬು ಮುರಿದಿತ್ತು.

ಬಲಗಾಲು ಗಿಡ್ಡವಾಯಿತು. ಕೆಲಸ ಹೋಯಿತು. ವಿಜ್ಞಾನದ ಬೆಂಚುಗಳು ಉಗ್ರಾಣ ಸೇರಿದವು, ಅಂಜಿನಕ್ಕ ಅದೇ ವರ್ಷ ಹಸೆಮಣೆ ಏರಿದಳು. ಹಡಗಲಿಯ ಅತ್ತೆ ಮನೆಯಲ್ಲಿ ಅಡಗಿದ್ದ ಬಸವೇಶ್ ಮುಂದೆ ಟ್ರಸ್ಟ್ ಕಟ್ಟಿದ. ಸರ್ಕಾರ ಕೈಬಿಟ್ಟ ವಿಜ್ಞಾನವನ್ನು ಕೊಟ್ಟೂರು ರಸ್ತೆಯಲ್ಲಿ ಮಾರಾಟಕ್ಕಿಟ್ಟ. "ಹುಡುಗ್ರು, ಅಂಜಿದ್ರು ಬಿಡು" ಎನ್ನುತ್ತಿದ್ದ ಜಂಬಯ್ಯ. ಅಪ್ಪನ ಆ ದೊಡ್ಡ ಮನಸ್ಸು ಮಗಳಿಗೆ ಬರಲಿಲ್ಲ.

* * *

"ನೀವು ಹೊರಬ್ಯಾಡ್ರಿ," ಎಂದಳು ಅಂಜಿನಕ್ಕ.

ಬಸವೇಶನ ಮುಖ ಬಾಡಿತು. "ಆವಾಗ ನನಗ ಇಪ್ಪತ್ತೊಂದು ವರ್ಷ, ಅಂಜಿನಕ್ಕ."

"ನನಗ ಹದಿನೇಳು. ನಮ್ಮಪ್ಪಗ ಓಡಾಕ ಕಾಲಿದ್ವು. ಗಂಟು ಬಿಚ್ಚೋರು ಬೇಕಿತ್ತು, ಅಷ್ಟ."

ಬಸವೇಶ್ ಹತ್ತಿರ ಬಂದು ದನಿ ತಗ್ಗಿಸಿದ. "ನಿಮ್ಮ ಸುಮಲತಾ ಎಸ್ಸೆಸ್ಸೆಲ್ಸಿಯಾಗ ಚಲೋ ಮಾರ್ಕ್ಸ್ ತಗಂಡಾಳಂತ. ಸೈನ್ಸ್ ಸೀಟು ನಾ ಕೊಡ್ತೀನಿ. ಏನೂ ಕಟ್ಟೋದು ಬ್ಯಾಡ."

"ಹೂಂ ಅನ್ನವ್ವ," ಎಂದು ಚೌಡಣ್ಣ ಪಿಸುಗುಟ್ಟಿದ. "ಕೂಸಿನ ಬಾಳೇ ಬ್ಯಾರೆ ಆಗ್ತೈತಿ."

ಅಂಜಿನಕ್ಕ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತನ್ನ ಕೈಯಿಂದ ಆಗದ್ದು ಈ ಒಂದು ಹೂಂನಿಂದ ಆಗುತ್ತದೆ. ತಿಂಗಳಿಂದ ಇದೇ ಚಿಂತೆಯಲ್ಲಿ ಅವಳಿಗೆ ಅನ್ನ ಸೇರಿರಲಿಲ್ಲ. ಸುಮಲತಾ ತಾಯಿಯನ್ನೇ ದಿಟ್ಟಿಸುತ್ತಾ, ಬೇಡ ಎಂಬಂತೆ ತಲೆಯಾಡಿಸಿದಳು.

ಅಂಜಿನಕ್ಕ ಸೆಕ್ರೆಟರಿಯ ಕಡೆ ತಿರುಗಿದಳು. "ಸೀಟು ಸರ್ಕಾರಿ ಕಾಲೇಜಿನಾಗ ಇತ್ರಿ. ಅದನ್ನ ಉಳಿಸಾಕ ಹೋಗೇ ನಮ್ಮಪ್ಪ ನಡ ಮುರಿಸ್ಕಂಡ. ಅದನ್ನ ಈಗ ನೀವು ನಮಗ ಭಿಕ್ಷಾ ಹಾಕ್ತೀರಾ? ಅದೂ ಅವನ ಹೆಣದ ಮುಂದ! ಸರೀರಿ ಅತ್ಲಾಗ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಹೆಣ್ಮಕ್ಕಳು ಹೊರಂಗಿಲ್ಲವ್ವ," ಎಂದ ಚೌಡಣ್ಣನ ಮಾತು ಮುಗಿಯುವ ಮೊದಲೇ ಮುಂದಿನ ಬಲಗಡೆಯ ಬಿದಿರು ಅವಳ ಹೆಗಲ ಮೇಲಿತ್ತು. ಉಳಿದ ಮೂವರೂ ಅವಳಿಗಿಂತ ಎತ್ತರದವರು. ಚಟ್ಟ ಬಲಕ್ಕೆ ವಾಲಿತು.

ಶವ ಅರ್ಧ ದಾರಿ ಬಂದಾಗ ಇಳಿಸಿ ಹೆಗಲು ಬದಲಿಸುವುದು ಊರಿನ ಪದ್ಧತಿ. ಇಳಿಸುವ ಜಾಗ ತಾಲೂಕು ಕಚೇರಿಯ ಮುಂದೆಯೇ ಇತ್ತು. ಚೌಡಣ್ಣ ಕೈಯೆತ್ತಿದ. "ಇಳಸ್ರಿ."

"ಇಳಸಬ್ಯಾಡ್ರಿ. ಇಲ್ಲಿ ಒಮ್ಮೆ ಇಳಿಸ್ಯಾರ."

ಹಲಗೆಯ ಸದ್ದು ನಿಲ್ಲಲಿಲ್ಲ. ಶಿವಮ್ಮ ಮುಂದೆ ಮಂಡಕ್ಕಿ ಎರಚುತ್ತಾ ನಡೆದಳು. ಮಗಳ ಹೆಜ್ಜೆಗೊಮ್ಮೆ ಚಟ್ಟ ಬಲಕ್ಕೆ ತಗ್ಗಿ ಏಳುತ್ತಿರಲು, ಜಂಬಯ್ಯ ಬದುಕಿದ್ದಾಗ ನಡೆದ ಹಾಗೆಯೇ ಕುಂಟುತ್ತಾ ಕಚೇರಿಯನ್ನು ದಾಟಿ ಹೋದ. ಹಿಂದೆ ನಡೆದು ಬಂದಿದ್ದ ಬಸವೇಶ್ ಮಂಡಕ್ಕಿ ಬಿದ್ದ ರಸ್ತೆಯ ನಡುವೆ ನಿಂತಿದ್ದ. ನಾಲ್ಕು ಮಡಿಕೆಯ ಟವೆಲ್ ಅವನ ಹೆಗಲ ಮೇಲೆ ಹಾಗೇ ಇತ್ತು.