ಆರಲಾರದ ಮಿಣುಕರು

ಒಂದು ಊರಿನಲ್ಲಿ ಜನ ನೀರನ್ನು ನಂಬುತ್ತಿರಲಿಲ್ಲ, ಮಿಣುಕರನ್ನು ನಂಬುತ್ತಿದ್ದರು. ಮಿಣುಕರೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಲಕ್ಷಗಟ್ಟಲೆ ಒಟ್ಟಿಗೆ ಸೇರಿದಾಗ ಮಾತ್ರ ತಿಳಿನೀಲಿಯಾಗಿ ಬೆಳಗುವವರು. ಹೆದರಿದರಂತೂ ಇನ್ನಷ್ಟು ಬೆಳಗುವವರು. ನೀರಿನ ಪರೀಕ್ಷಾಲಯದ ಕತ್ತಲೆ ಕೋಣೆಯಲ್ಲಿ, ಒಂದು ದೊಡ್ಡ ಗಾಜಿನ ಬುರುಡೆಯೊಳಗೆ ಅವರ ಕೇರಿ ಇತ್ತು. ಬೆಳಿಗ್ಗೆ ಹೊಳೆಯ ನೀರನ್ನು ಒಂದು ನಳಿಕೆಗೆ ಸುರಿದು, ಬುರುಡೆಯಿಂದ ಒಂದಷ್ಟು ಮಿಣುಕರನ್ನು ಹೀರಿ ಅದರೊಳಗೆ ಬಿಡುತ್ತಿದ್ದರು. ಅವರು ಬೆಳಗುತ್ತಲೇ ಇದ್ದರೆ ಊರಿನ ನಲ್ಲಿಗಳಿಗೆ ನೀರು. ಆರಿಹೋದರೆ ನೀರಿನಲ್ಲಿ ವಿಷವಿದೆಯೆಂದು ನಲ್ಲಿ ಬಂದ್. ಆರುವುದೆಂದರೆ ಸಾಯುವುದು ಎಂಬುದನ್ನು ಊರಿನವರು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ.

ಈ ಕೆಲಸ ಒಬ್ಬ ಹೆಂಗಸಿನದು. ಗಾಜಿನಾಚೆ ಮಿಣುಕರಿಗೆ ಕಾಣುತ್ತಿದ್ದುದು ಗವಸು ತೊಟ್ಟ ಕೈ ಮಾತ್ರ, ಹಾಗಾಗಿ ಅವಳನ್ನು ಕೈಯವ್ವ ಎನ್ನುತ್ತಿದ್ದರು. ಗಂಜಿ ಹಾಕುವವಳೂ ಅವಳೇ, ಸಾವಿಗೆ ಕಳಿಸುವವಳೂ ಅವಳೇ. ನೀರು ಬಿಟ್ಟ ಮೇಲೆ ಮೂಲೆಯ ನಲ್ಲಿಯಿಂದ ಒಂದು ಲೋಟ ಹಿಡಿದು ಮೊದಲು ತಾನೇ ಕುಡಿಯುವುದು ಅವಳ ರೂಢಿ. "ನೀವು ಬೆಳಗಿದ್ರೆ ತಾನೇ ನಾನು ಕುಡಿಯೋದು?" ಎಂದು ಬುರುಡೆಯನ್ನೊಮ್ಮೆ ಸವರುತ್ತಿದ್ದಳು.

ಆ ಬುರುಡೆಯಲ್ಲಿ ಸೊಡರಿ ಎಂಬವಳಿದ್ದಳು. ದೀವಿ ಅವಳ ತಂಗಿ. ಒಂದೇ ಮೈ ಸೀಳಿ ಇಬ್ಬರಾದವರು. ಮಿಣುಕರಲ್ಲಿ ಹುಟ್ಟುವುದೇ ಹಾಗೆ. ಹೀರುಗೊಳವೆ ಇಳಿದಾಗಲೆಲ್ಲ ಸೊಡರಿಗೆ ಜೀವ ಬಾಯಿಗೆ ಬರುತ್ತಿತ್ತು. ತಾನು ಹೋದರೆ ಹೋಗಲಿ, ತಂಗಿ ಹೋಗಬಾರದು ಎನ್ನುವುದೊಂದೇ ಅವಳ ಹರಕೆ.

ಒಂದು ಬೆಳಿಗ್ಗೆ ಕೊಳವೆ ದೀವಿಯ ಮೈ ತಾಗಿಕೊಂಡೇ ಹೋಗಿ ಪಕ್ಕದವರನ್ನೆಲ್ಲ ಹೀರಿತು. ನಳಿಕೆಯಲ್ಲಿ ಅವರು ಒಬ್ಬೊಬ್ಬರಾಗಿ ಆರಿದರು. ಕೈಯವ್ವ ಬೆಚ್ಚಿಬಿದ್ದು ಓಡಿಹೋಗಿ ನೀರು ನಿಲ್ಲಿಸಿ ಬಂದಳು. "ಊರು ಉಳಿಸಿದ್ರಿ ತಾಯಂದಿರಾ" ಎಂದು ನಳಿಕೆಗೆ ಕೈಮುಗಿದಳು. ಉಳಿದವರಿಗೆ ಆ ನಮಸ್ಕಾರ ಸಮಾಧಾನ ತರಲಿಲ್ಲ, ನಡುಕ ತಂದಿತು.

ಆ ಗಡಿಬಿಡಿಯಲ್ಲಿ ಅವಳು ಕೊಳವೆಯನ್ನು ತೊಳೆಯದೆಯೇ ಮತ್ತೆ ಬುರುಡೆಗೆ ಅದ್ದಿದಳು. ಅದರ ತುದಿಗೆ ಅಂಟಿಕೊಂಡಿದ್ದ ಹೊಳೆಯ ಹನಿಯೊಂದರಿಂದ ಒಬ್ಬ ಪರದೇಶಿ ಒಳಗೆ ಬಂದ. ಅವನು ಬೆಳಗುತ್ತಿರಲಿಲ್ಲ. ಹೊಳೆಯ ಮೇಲಿನ ಬಣ್ಣದ ಕಾರ್ಖಾನೆಯ ಮೋರಿಯಲ್ಲಿ ಹುಟ್ಟಿ, ಆ ವಿಷವನ್ನೇ ಕುಡಿದು ಬೆಳೆದವನು. ಅವನ ಹೊಟ್ಟೆಯೊಳಗೆ ಒಂದು ಸಣ್ಣ ಉಂಗುರವಿತ್ತು.

"ಇದು ಇದ್ದೋರು ಆ ನೀರಲ್ಲಿ ಸಾಯಲ್ಲ" ಎಂದ ಅವನು. "ಬೇಕಾ?"

"ನನಗೆ ಕೊಟ್ಟರೆ ನಿನಗೆ?" ಎಂದಳು ಸೊಡರಿ.

"ನನ್ನದು ನನ್ನಲ್ಲೇ ಇರುತ್ತೆ. ಮೈಗೆ ಮೈ ತಾಗಿದ್ರೆ ಸಾಕು, ನಿನ್ನೊಳಗೂ ಅಂಥದ್ದೇ ಇನ್ನೊಂದು ಬರುತ್ತೆ."

ಕೇರಿಯ ಹಿರಿಯಜ್ಜಿ ಅಡ್ಡ ಬಂದಳು. "ಬೇಡ ಕಣೇ. ನಾವು ಆರಿದ್ರೆ ತಾನೇ ಕೈಯವ್ವಂಗೆ ವಿಷ ಇದೆ ಅಂತ ಗೊತ್ತಾಗೋದು? ಉಂಡ ಮನೆಗೆ ಎರಡು ಬಗೀಬಾರದು."

"ನಿಮಗೆ ತಂಗಿ ಇಲ್ಲ ಅಜ್ಜಿ" ಎಂದು ಸೊಡರಿ ಪರದೇಶಿಯ ಕಡೆಗೆ ಸರಿದಳು.

ಅವಳಿಂದ ದೀವಿಗೆ, ದೀವಿಯಿಂದ ನೆರೆಮನೆಗೆ, ಸಂಜೆಯೊಳಗೆ ಇಡೀ ಕೇರಿಗೆ ಉಂಗುರ ಬಂತು. ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನುವವರು ಯಾವ ಊರಿನಲ್ಲಿದ್ದಾರೆ? ಅಜ್ಜಿಯೊಬ್ಬಳು ಮಾತ್ರ ಯಾರಿಗೂ ಮೈ ತಾಗಿಸದೆ ಗಾಜಿಗೆ ಆತುಕೊಂಡು ಉಳಿದಳು. ಮುಂದಿನ ವಿಷದ ದಿನ ಅವಳು ನಳಿಕೆಗೆ ಹೋದಳು, ನಿಯತ್ತಿನಿಂದ ಆರಿದಳು. ಅಷ್ಟು ಬೆಳಕಿನ ನಡುವೆ ಒಂದು ಕಿಡಿ ಆರಿದ್ದು ಯಾರಿಗೆ ಕಾಣಬೇಕು? ಅಂದು ನಲ್ಲಿಗೆ ನೀರು ಬಿಟ್ಟರು.

ಅಂದಿನಿಂದ ಮಿಣುಕರು ಆರಲಿಲ್ಲ. ಪರೀಕ್ಷಾಲಯದ ಸಾಹೇಬರು ಕೋಣೆಯವರೆಗೂ ಬಂದು ಶಹಬ್ಬಾಸ್ ಹೇಳಿಹೋದರು. ಇನ್ನೊಂದು ದಿನ ಬಾಗಿಲಲ್ಲಿ ಅವರ ದನಿ ಕೇಳಿಸಿತು.

"ಫ್ಯಾಕ್ಟರಿಯೋರು ಕೇಳ್ತಿದಾರಮ್ಮ, ಇನ್ನೊಂದು ಮೋರಿ ಹೊಳೆಗೆ ಬಿಡಬಹುದಾ ಅಂತ. ಏನು ಹೇಳ್ಲಿ?"

"ಬೆಳಗ್ತಾನೇ ಇದಾವೆ ಸಾರ್" ಎಂದಳು ಕೈಯವ್ವ. ಹೇಳಿ ಕೆಮ್ಮಿದಳು.

ಕೆಮ್ಮು ನಿಲ್ಲಲಿಲ್ಲ. ಗಂಜಿ ಹಾಕುವಾಗ ಅರ್ಧ ಹೊರಗೇ ಚೆಲ್ಲತೊಡಗಿತು. "ಏನು ತಿಂದೆನೋ, ಹೊಟ್ಟೆಯೊಳಗೆಲ್ಲ ಸಂಕಟ" ಎಂದು ಬುರುಡೆಯ ಹತ್ತಿರ ಹೇಳಿಕೊಂಡಳು. ಸೊಡರಿಗೆ ಅನುಮಾನ ಬಂತು. ಬಂದ ಅನುಮಾನವನ್ನು, ತಂಗಿ ಪಕ್ಕದಲ್ಲಿ ಬೆಚ್ಚಗಿದ್ದಾಳಲ್ಲ ಎಂದು ನುಂಗಿಕೊಂಡಳು.

ಕಡೆಗೊಂದು ಬೆಳಿಗ್ಗೆ ಕೊಳವೆ ಅಕ್ಕತಂಗಿಯರನ್ನು ಒಟ್ಟಿಗೆ ಹೀರಿತು. ನಳಿಕೆಯ ನೀರು ಮೈಗೆ ತಾಗಿದ ಕೂಡಲೇ ಸೊಡರಿಗೆ ಎಲ್ಲವೂ ತಿಳಿಯಿತು. ಅದು ನೀರಾಗಿರಲಿಲ್ಲ, ಮೋರಿಯಾಗಿತ್ತು. ಉಂಗುರ ಒಳಗೆ ಗಿರ್ರನೆ ತಿರುಗಿ ವಿಷವನ್ನು ಆಚೆ ದೂಡುತ್ತಿತ್ತು.

"ದೀವಿ, ಆರಬೇಕು ಕಣೇ. ಬೆಳಗಬೇಡ. ಅವಳು ಈಗ ಕುಡೀತಾಳೆ!"

"ಆರೋದು ಹೆಂಗಕ್ಕ?"

ಸೊಡರಿ ಉಸಿರು ಬಿಗಿಹಿಡಿದಳು. ಉಂಗುರವನ್ನು ಕಿತ್ತೊಗೆಯಲು ನೋಡಿದಳು. ಕೊಡಲು ಬರುವ ಉಂಗುರ ಕಳೆಯಲು ಬರಲಿಲ್ಲ. ಸಾಯಬೇಕೆಂದುಕೊಂಡಳು, ಸಾಯಲಾಗಲಿಲ್ಲ. ಆ ಭಯದಲ್ಲಿ ನಳಿಕೆಯ ಬೆಳಕು ಹೆಚ್ಚಿತು.

"ಏನು ಚೆಂದ ಬೆಳಗ್ತೀರೇ" ಎಂದಳು ಕೈಯವ್ವ, ದನಿಯಲ್ಲಿ ತ್ರಾಣವಿರಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ನೀರು ಬಿಟ್ಟು ಬಂದಳು. ಲೋಟ ತುಂಬಿಕೊಂಡಳು. ಕುಡಿದಳು. ಲೋಟವನ್ನು ನಲ್ಲಿಯ ಪಕ್ಕದಲ್ಲಿಟ್ಟು ಮನೆಗೆ ಹೊರಟಳು.

ಮರುದಿನ ಗಂಜಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹೊರಗಿನ ಬೀದಿಯಲ್ಲಿ ಗಾಡಿಯ ಸದ್ದಿಲ್ಲ, ಮಕ್ಕಳ ಗಲಾಟೆಯಿಲ್ಲ.

"ಅಕ್ಕ, ನಾವು ಬದುಕಿದೀವಿ ಅಲ್ವಾ?" ಎಂದಳು ದೀವಿ.

ಸೊಡರಿ ಗಾಜಿಗೆ ಆತುಕೊಂಡು ಬೀದಿಯ ಕಡೆಗೆ ಕಿವಿಗೊಟ್ಟಳು.

ಆಮೇಲೊಂದು ದಿನ ಬಾಗಿಲು ತೆರೆಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಇಬ್ಬರು ಒಳಗೆ ಬಂದರು. ಊರಿನಿಂದ ಸುದ್ದಿಯೇ ಇಲ್ಲವಲ್ಲ ಎಂದು ನೋಡಲು ಬಂದ ಪಕ್ಕದೂರಿನ ಅಣ್ಣತಮ್ಮಂದಿರು. ಬಿಸಿಲಲ್ಲಿ ನಡೆದು ನಾಲಗೆ ಒಣಗಿತ್ತು.

"ಮನೆಮನೇಲೂ ಹೆಣ" ಎಂದ ಒಬ್ಬ. "ನೀರಿಂದಾನೇ ಆಗಿರಬೇಕು ಕಣಣ್ಣ."

"ಸುಮ್ನಿರೋ. ಇವರು ನೀರು ಪರೀಕ್ಷೆ ಮಾಡದೆ ಕುಡಿಯೋ ಜನ ಅಲ್ಲ" ಎಂದು ಇನ್ನೊಬ್ಬ ನಳಿಕೆಯ ಹತ್ತಿರ ಬಾಗಿದ. "ಇಲ್ಲಿ ನೋಡು, ಇನ್ನೂ ಬೆಳಗ್ತಾ ಇದಾವೆ. ಇದು ಬೇರೇನೋ ರೋಗ."

ಬೇಡ, ಬೇಡ ಎಂದು ಸೊಡರಿ ಚೀರಿದಳು. ಲಕ್ಷ ಜನ ಅವಳ ಜೊತೆಗೆ ಚೀರಿದರು. ಮಿಣುಕರಿಗೆ ಇದ್ದುದು ಒಂದೇ ಭಾಷೆ.

"ನೋಡಿದ್ಯಾ, ಇನ್ನೂ ಜಾಸ್ತಿ ಆಯ್ತು ಬೆಳಕು" ಎಂದ ಅವನು. ಸಮಾಧಾನದಿಂದ ಮೂಗಿನ ಬಟ್ಟೆ ಬಿಚ್ಚಿ, ನಲ್ಲಿಯ ಪಕ್ಕದಲ್ಲಿದ್ದ ಲೋಟವನ್ನು ತೊಳೆದು ತುಂಬಿಸಿ, ಮೊದಲು ತಮ್ಮನಿಗೆ ಕೊಟ್ಟ.